ಕಲ್ಲು ನೋಡಲು ದುರ್ಗಕ್ಕೆ

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಗಾಳಿ ಬೀಸತೊಡಗುತ್ತದೆ. ಮಕ್ಕಳಿಗೆ ಅದು ಹಬ್ಬ. ಮೇಷ್ಟರುಗಳಿಗೆ ಬರೀ ಲೆಕ್ಕ. ಬಸ್ಸಿನ ಬಾಡಿಗೆ ಎಷ್ಟು, ತಲೆಗೆ ಎಷ್ಟು ಬಿತ್ತು, ಯಾರಿಗೆ ವಾಂತಿ ಬರುತ್ತದೆ, ಯಾರನ್ನು ಕಿಟಕಿಯ ಪಕ್ಕ ಕೂರಿಸಬೇಕು, ಯಾರನ್ನು ಯಾರ ಪಕ್ಕ ಕೂರಿಸಲೇಬಾರದು. ತಂದೆತಾಯಿಗಳ ಚಿಂತೆ ಇನ್ನೊಂದು ಬಗೆಯದು. ಅದರಲ್ಲೂ ಹತ್ತನೆಯ ತರಗತಿಯ ಮಕ್ಕಳ ಮನೆಗಳಿಂದ ಪ್ರತಿವರ್ಷ ತಪ್ಪದೆ ಬರುವ ಪ್ರಶ್ನೆಯೊಂದಿದೆ: “ಸಾರ್, ಇದು ಪರೀಕ್ಷೆಗೆ ಬರುತ್ತಾ?”

ನಾನು ಇಪ್ಪತ್ತೆಂಟು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿರುವವನು. ಊರು ಮಂಡ್ಯದ ಗುತ್ತಲು. ಎರಡು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ ಮಕ್ಕಳೆಲ್ಲ ಸೇರಿ ನೀರಾಟದ ಪಾರ್ಕಿಗೆ ಹೋಗೋಣ ಎಂದು ಒಂದೇ ದನಿಯಲ್ಲಿ ಕೂಗಿದಾಗ, ಚಿತ್ರದುರ್ಗದ ಕೋಟೆಗೆ ಹೋಗೋಣ ಎಂದು ಹಟ ಹಿಡಿದವನು ನಾನು. ಸಮಾಜ ವಿಜ್ಞಾನದ ಮೇಷ್ಟರಿಗೆ ಆಶ್ಚರ್ಯ. “ನಮ್ಮ ಪಾಠಕ್ಕೆ ನೀವೇಕೆ ಗಂಟು ಬಿದ್ದಿರಿ?” ಎಂದು ನಕ್ಕರು. ಕೋಟೆ ಇತಿಹಾಸದವರಿಗೆ ಮಾತ್ರ ಸೇರಿದ್ದು ಎಂದು ಯಾರು ಹೇಳಿದ್ದು? ಬೆಟ್ಟದ ಮೇಲೆ ನೀರು ಹೇಗೆ ನಿಲ್ಲುತ್ತದೆ, ಟನ್‌ಗಟ್ಟಲೆ ತೂಗುವ ಕಲ್ಲು ಹೇಗೆ ಮೇಲೇರುತ್ತದೆ, ಗಾರೆಯಿಲ್ಲದ ಗೋಡೆ ಹೇಗೆ ನಿಲ್ಲುತ್ತದೆ ಎಂಬುದೆಲ್ಲ ನನ್ನ ಪುಸ್ತಕದ ಪಾಠವೇ.

ದುಡ್ಡು ಕೊಡುವ ಕೊನೆಯ ದಿನ ಒಬ್ಬ ಹುಡುಗನ ಹೆಸರು ಪಟ್ಟಿಯಲ್ಲಿರಲಿಲ್ಲ. ಅವನ ತಂದೆ ಕಲ್ಲುಕೆಲಸದವರು. ಮನೆ ಕಟ್ಟುವವರಿಗೆ ಚಪ್ಪಡಿ, ಬೇಲಿಗೆ ಕಲ್ಲುಕಂಬ, ಅಪರೂಪಕ್ಕೊಮ್ಮೆ ಒರಳುಕಲ್ಲು ಮಾಡಿಕೊಡುತ್ತಾರೆ. ಸಂಜೆ ಟೀ ಅಂಗಡಿಯ ಮುಂದೆ ಸಿಕ್ಕರು. ವಿಷಯ ತೆಗೆದೆ.

“ಅಲ್ಲ ಮೇಷ್ಟ್ರೇ, ಕಲ್ಲು ನೋಡಾಕೆ ಅಷ್ಟು ದೂರ ಹೋಗ್ಬೇಕಾ? ನಮ್ಮನೆ ಮುಂದೇನೇ ಬೇಕಾದಷ್ಟು ಬಿದ್ದವೆ,” ಎಂದರು.

ಅಕ್ಕಪಕ್ಕದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅವರು ನಗಲಿಲ್ಲ. ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದರು: “ಓದು ಅವನಿಗೆ ಹತ್ತಾಕಿಲ್ಲ. ನೀವೇ ಕೊಟ್ಟಿರೋ ಮಾರ್ಕ್ಸ್ ನೋಡಿವ್ನಿ. ಮಾರ್ಚ್ ಕಳೀಲಿ, ನನ್ನ ಜೊತೇಲೇ ಕೆಲಸಕ್ಕೆ ಬತ್ತಾನೆ. ಸುಮ್ನೆ ಯಾಕೆ ಖರ್ಚು?”

ಹುಡುಗನಿಗೆ ಆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಬಂದಿದ್ದು 80ಕ್ಕೆ 19. ಭಾನುವಾರಗಳಲ್ಲಿ ಅವನು ತಂದೆಯ ಜೊತೆ ಕೆಲಸಕ್ಕೆ ಹೋಗುತ್ತಾನೆ, ಸೋಮವಾರ ತರಗತಿಯಲ್ಲಿ ತೂಕಡಿಸುತ್ತಾನೆ ಎಂಬುದು ನನಗೆ ಗೊತ್ತಿತ್ತು. ತಂದೆಯ ಮಾತಿನಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು. ಆ ಲೆಕ್ಕಕ್ಕೆ ಟೀ ಅಂಗಡಿಯಲ್ಲಿ ನಿಂತು ಉತ್ತರ ಹೇಳುವುದು ಸುಲಭವಲ್ಲ. “ಇದೊಂದು ಸಲ ಕಳಿಸಿಕೊಡಿ, ಮಾರ್ಚಿನ ಮಾತು ಮಾರ್ಚಿಗೆ ಇರಲಿ,” ಎಂದೆ. ಮಾರನೆಯ ದಿನ ಹುಡುಗ ಮುದುಡಿದ ನೋಟುಗಳನ್ನು ತಂದುಕೊಟ್ಟ.

ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು ಹೊರಟಿತು. ನಾಗಮಂಗಲ ದಾಟಿ ಚಿಕ್ಕನಾಯಕನಹಳ್ಳಿ, ಹುಳಿಯಾರಿನ ಮೇಲೆ ಹಿರಿಯೂರಿಗೆ ಹೋಗುವ ದಾರಿ. ಈ ದಾರಿಯೇ ಒಂದು ಭೂಗೋಳದ ಪಾಠ. ಭತ್ತ, ಕಬ್ಬು ಹಿಂದೆ ಉಳಿಯುತ್ತವೆ. ತೆಂಗಿನ ತೋಟಗಳು ಬರುತ್ತವೆ. ಹುಳಿಯಾರು ಕಳೆಯುತ್ತಿದ್ದಂತೆ ನೆಲ ಬಣ್ಣಗೆಟ್ಟು, ಜಾಲಿಯ ಗಿಡಗಳು ಕಾಣಿಸಿಕೊಳ್ಳುತ್ತವೆ. ದುರ್ಗ ಹತ್ತಿರವಾದಂತೆ ಬೆಟ್ಟಗಳ ನೆತ್ತಿಯ ಮೇಲೆ ಗಾಳಿಯಿಂದ ವಿದ್ಯುತ್ ತೆಗೆಯುವ ಬಿಳಿಯ ಗಿರಣಿಗಳು ತಿರುಗುತ್ತಿರುತ್ತವೆ. ನಮ್ಮ ಮಂಡ್ಯದ ಮಕ್ಕಳು ನಾಲೆಯ ದಂಡೆಯಲ್ಲಿ ಹುಟ್ಟಿ ಬೆಳೆದವರು. “ಇಲ್ಲಿ ನಾಲೆ ಎಲ್ಲಿದೆ ಸಾ?” ಎಂದು ಒಬ್ಬಳು ಕೇಳಿದಳು. “ಅದನ್ನೇ ಹುಡುಕುವುದಕ್ಕೆ ಹೋಗ್ತಾ ಇರೋದು ಕಣಮ್ಮ,” ಎಂದೆ.

ಚಿತ್ರದುರ್ಗದ ಕೋಟೆಯ ಬಗ್ಗೆ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತ.ರಾ.ಸು. ಅವರ ಕಾದಂಬರಿಗಳಿಂದ ಅರ್ಧ, 1972ರ ‘ನಾಗರಹಾವು’ ಚಿತ್ರದಿಂದ ಇನ್ನರ್ಧ ಎಲ್ಲರಿಗೂ ಗೊತ್ತು. ಆದರೂ ಮಕ್ಕಳಿಗಾಗಿ ನಾಲ್ಕು ಮಾತು. ಇದು ಒಬ್ಬ ಅರಸ ಒಂದೇ ಸಲಕ್ಕೆ ಕಟ್ಟಿಸಿದ ಕೋಟೆಯಲ್ಲ. ಬೆಮ್ಮತ್ತನಕಲ್ಲು ಎಂಬ ಹಳೆಯ ಹೆಸರಿನಿಂದಲೇ ಈ ಬೆಟ್ಟ ಚಾಲುಕ್ಯ, ಹೊಯ್ಸಳರ ಕಾಲದಿಂದ ನೆಲೆಯಾಗಿತ್ತು. ವಿಜಯನಗರದ ಅಧೀನದಲ್ಲಿ 1568ರಲ್ಲಿ ತಿಮ್ಮಣ್ಣನಾಯಕ ಇಲ್ಲಿ ಪಾಳೆಯಗಾರನಾದ. ಅಲ್ಲಿಂದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ನಾಯಕರು ಸುತ್ತಿನ ಮೇಲೆ ಸುತ್ತು ಕಟ್ಟಿಸುತ್ತಾ ಹೋದರು. ಏಳು ಸುತ್ತು, ಹತ್ತೊಂಬತ್ತು ಹೆಬ್ಬಾಗಿಲು, ಮೂವತ್ತೆಂಟು ದಿಡ್ಡಿ ಬಾಗಿಲು, ಮೂವತ್ತೈದು ಕಳ್ಳಗಂಡಿ ಎಂದು ಲೆಕ್ಕ ಹೇಳುತ್ತಾರೆ. 1779ರಲ್ಲಿ ಹೈದರಾಲಿ ಕೋಟೆಯನ್ನು ಹಿಡಿದ. ಕೊನೆಯ ಮದಕರಿನಾಯಕನನ್ನು ಸೆರೆಹಿಡಿದು ಕಳಿಸಿದ್ದು ಎಲ್ಲಿಗೆ? ನಮ್ಮ ಶ್ರೀರಂಗಪಟ್ಟಣಕ್ಕೆ. ಅವನ ಜೊತೆ ಸಾವಿರಾರು ಜನ ದುರ್ಗದ ಬೇಡರನ್ನೂ ಅಲ್ಲಿಗೇ ಸಾಗಿಸಿದರು. ನಾವು ಬೆಳಗಿನ ನಿದ್ದೆಯಲ್ಲಿ ತೂಗಾಡುತ್ತಾ ಬಂದ ದೂರವನ್ನು ಆ ಜನ ಎದುರು ದಿಕ್ಕಿನಲ್ಲಿ, ಮನೆಮಠ ಬಿಟ್ಟು ಕ್ರಮಿಸಿದ್ದರು. ಇದನ್ನು ಹೇಳಿದಾಗ ಬಸ್ಸಿನಲ್ಲಿ ಕ್ಷಣಕಾಲ ಗಲಾಟೆ ನಿಂತಿತು.

ಮೊದಲ ಬಾಗಿಲು ದಾಟಿದೊಡನೆ ದಾರಿ ನೇರವಾಗಿ ಸಾಗುವುದಿಲ್ಲ, ಸೊಟ್ಟಗೆ ತಿರುಗುತ್ತದೆ. ಮತ್ತೊಂದು ಬಾಗಿಲಿಗೆ ಮತ್ತೊಂದು ತಿರುವು. “ಕಟ್ಟಿದವರಿಗೆ ನೂಲು ಹಿಡಿಯುವುದಕ್ಕೆ ಬರುತ್ತಿರಲಿಲ್ಲವೇ?” ಎಂದು ಕೇಳಿದೆ. ಒಬ್ಬ ಹುಡುಗಿ ಉತ್ತರ ಕೊಟ್ಟಳು: “ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ ಸಾ.” ಸರಿಯಾದ ಉತ್ತರ. ವೇಗ ಪಡೆಯಲು ದೂರ ಬೇಕು. ದೂರ ಸಿಕ್ಕದಿದ್ದರೆ ವೇಗವಿಲ್ಲ, ವೇಗವಿಲ್ಲದಿದ್ದರೆ ಆನೆಯ ತೂಕವೂ ಅಷ್ಟು ಕೆಲಸಕ್ಕೆ ಬಾರದು. ಸಂವೇಗದ ಪಾಠವನ್ನು ನಾನು ಕಪ್ಪು ಹಲಗೆಯ ಮೇಲೆ ನಲವತ್ತು ನಿಮಿಷ ಮಾಡುತ್ತೇನೆ. ದುರ್ಗದ ಗೋಡೆಗೆ ಒಂದು ತಿರುವು ಸಾಕಾಯಿತು.

ಇನ್ನೂ ಸ್ವಲ್ಪ ಮುಂದೆ ಮದ್ದು ಬೀಸುವ ಜಾಗ. ಗುಂಡಗೆ ಕಟ್ಟಿದ ಗುಂಡಿಯೊಳಗೆ ನಾಲ್ಕು ಭಾರಿ ಬೀಸುಕಲ್ಲುಗಳು ಈಗಲೂ ಇವೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದರೆ ಕೋವಿಮದ್ದು. ಮೂರನ್ನೂ ನುಣ್ಣಗೆ ಅರೆದಷ್ಟೂ ಒಂದರ ಕಣ ಇನ್ನೊಂದಕ್ಕೆ ಹತ್ತಿರವಾಗುತ್ತದೆ, ಉರಿ ಬೇಗ ಹತ್ತುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚು ಎಂದು ಪುಸ್ತಕದಲ್ಲಿ ಒಂದು ಸಾಲು ಇದೆಯಲ್ಲ, ಅದಕ್ಕೆ ಇಷ್ಟು ದೊಡ್ಡ ಉದಾಹರಣೆ ಬೇರೆ ಬೇಕೆ?

ನಮ್ಮ ಕಲ್ಲುಕೆಲಸದವರ ಹುಡುಗ ಅಲ್ಲಿಯವರೆಗೆ ಒಂದು ಮಾತನ್ನೂ ಆಡಿರಲಿಲ್ಲ. ಎಲ್ಲರೂ ಮೇಲೆ ನೋಡುತ್ತಿದ್ದರೆ ಅವನು ಕೆಳಗೆ ನೋಡುತ್ತಿದ್ದ. ದಾರಿಯ ಪಕ್ಕದ ಬಂಡೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೆರಳಾಡಿಸುತ್ತಿದ್ದ. ಬಂಡೆಯಲ್ಲಿ ಒಂದೇ ಸಾಲಿನಲ್ಲಿ, ಅಳೆದಿಟ್ಟಂತೆ, ಪುಟ್ಟ ಪುಟ್ಟ ಗುಳಿಗಳು. ಆ ಸಾಲಿಗೆ ಬಂಡೆ ಸೀಳಿರಲಿಲ್ಲ.

“ಏನಯ್ಯ ಅದು?”

“ಬೆಣೆ ಹೊಡೆಯೋ ಗುಳಿ ಸಾ. ತೋಡಿ ಬಿಟ್ಟುಬುಟ್ಟವ್ರೆ. ಯಾಕೋ ಕೆಲಸ ಅರ್ಧಕ್ಕೆ ನಿಂತದೆ.”

“ನಿಮ್ಮಪ್ಪ ಹೀಗೇ ಮಾಡ್ತಾರಾ?”

“ಹ್ಞೂಂ ಸಾ. ಸಾಲಾಗಿ ಗುಳಿ ತೋಡಿ ಕಬ್ಬಿಣದ ಬೆಣೆ ಇಡೋದು. ಒಂದನ್ನೇ ಬಲವಾಗಿ ಹೊಡೀಬಾರ್ದು. ಈ ತುದಿಯಿಂದ ಆ ತುದಿಗೆ ಒಂದೊಂದೇ ಏಟು ಕೊಡ್ತಾ ಹೋಗ್ಬೇಕು. ಆಮೇಲೆ ಸುಮ್ನೆ ಕಾಯ್ಬೇಕು. ಕಲ್ಲು ತಾನೇ ಬಾಯಿ ಬಿಡ್ತದೆ.”

ಮಕ್ಕಳು ಸುತ್ತ ನೆರೆದರು. ಅವನಿಗೆ ನಾಚಿಕೆಯಾಯಿತು, ಆದರೂ ನಿಲ್ಲಿಸಲಿಲ್ಲ. ಎಲ್ಲ ಕಲ್ಲೂ ಎಲ್ಲ ಕಡೆಗೂ ಒಂದೇ ತರಹ ಸೀಳುವುದಿಲ್ಲ ಎಂದ. ಒಂದು ದಿಕ್ಕಿಗೆ ಸಲೀಸಾಗಿ ಬರುತ್ತದೆ, ಇನ್ನೊಂದು ದಿಕ್ಕಿಗೆ ಹಟ ಮಾಡುತ್ತದೆ, ಅದನ್ನು ಮೊದಲು ನೋಡಿಕೊಳ್ಳಬೇಕು ಎಂದ. ಸುತ್ತಿಗೆಯಿಂದ ತಟ್ಟಿ ಕೇಳಿದರೆ ಒಳಗೆ ಬಿರುಕು ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದ. ಗಟ್ಟಿ ಕಲ್ಲು ಗಂಟೆಯ ಹಾಗೆ ಅನ್ನುತ್ತದಂತೆ, ಒಡಕು ಕಲ್ಲು ಮಡಕೆಯ ಹಾಗೆ. “ನಮ್ಮ ತಾತ ಬೆಣೆ ಇಲ್ದೇನೂ ಚಪ್ಪಡಿ ಎಬ್ಬಿಸ್ತಿದ್ರಂತೆ ಸಾ. ಬಂಡೆ ಮೇಲೆ ಸೌದೆ ಉರಿಸಿದ್ರೆ ಹಪ್ಪಳದಂಗೆ ಮೇಲಕ್ಕೆ ಏಳ್ತದಂತೆ.”

ಈ ಮಾತುಗಳಲ್ಲಿ ಎಷ್ಟು ವಿಜ್ಞಾನ ಅಡಗಿದೆ ನೋಡಿ. ಗ್ರಾನೈಟ್ ಕಲ್ಲು ಒತ್ತಿದರೆ ಜಗ್ಗುವುದಿಲ್ಲ. ಎಷ್ಟು ಭಾರ ಹೇರಿದರೂ ತಡೆದುಕೊಳ್ಳುತ್ತದೆ. ಅದಕ್ಕೇ ಅದು ಕೋಟೆಗೆ, ಕಂಬಕ್ಕೆ ಒಳ್ಳೆಯದು. ಆದರೆ ಎರಡು ಕಡೆಗೆ ಹಿಡಿದು ಎಳೆಯುವ ಬಲಕ್ಕೆ ಅದು ಬಹಳ ದುರ್ಬಲ. ಬೆಣೆ ಮಾಡುವುದು ಇದನ್ನೇ. ಕೆಳಮುಖವಾಗಿ ಬಿದ್ದ ಏಟನ್ನು ಅದು ಪಕ್ಕಕ್ಕೆ ತಿರುಗಿಸಿ, ಕಲ್ಲನ್ನು ಎರಡು ಬದಿಗೆ ತಳ್ಳುತ್ತದೆ. ಸರಳ ಯಂತ್ರಗಳ ಪಾಠದಲ್ಲಿ ಬರುವ ಇಳಿಜಾರು ತಲವೇ ಬೆಣೆಯ ರೂಪದಲ್ಲಿ ಬಂದಿದೆ, ಅಷ್ಟೆ. ಬೆಂಕಿಯ ಉಪಾಯವೂ ಹಾಗೆಯೇ. ಕಲ್ಲಿನಲ್ಲಿ ಶಾಖ ಬೇಗ ಹರಿಯುವುದಿಲ್ಲ. ಮೇಲಿನ ಪದರ ಕಾದು ಹಿಗ್ಗುತ್ತದೆ, ಒಳಗಿನದು ತಣ್ಣಗೇ ಇರುತ್ತದೆ. ಹಿಗ್ಗಿದ ಪದರಕ್ಕೆ ಜಾಗ ಸಾಲದೆ ಬುಡ ಬಿಟ್ಟು ಏಳುತ್ತದೆ.

ದುರ್ಗದ ಬಂಡೆಗಳನ್ನು ಪ್ರಕೃತಿಯೂ ಹೀಗೇ ಸುಲಿದಿದೆ. ಈ ಕಲ್ಲಿನ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಭೂಮಿಯ ಆಳದಲ್ಲಿ ಕರಗಿದ್ದು ನಿಧಾನವಾಗಿ ತಣಿದು ಗಟ್ಟಿಯಾದದ್ದು. ಮೇಲಿದ್ದ ನೆಲವೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಾಗ, ಹೊರೆ ಇಳಿದ ಕೂಲಿಯವನು ಮೈಮುರಿಯುವಂತೆ, ಒತ್ತಡ ಕಳೆದುಕೊಂಡ ಬಂಡೆ ಹಿಗ್ಗಿ ಪದರಪದರವಾಗಿ ಬಿರಿಯಿತು. ಬಿಸಿಲು, ಮಳೆ, ಗಾಳಿ ಮೂಲೆಗಳನ್ನು ತಿಂದು ಗುಂಡಾಗಿಸಿದವು. ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುವ ಗುಂಡುಕಲ್ಲುಗಳನ್ನು ಹಿಡಿಂಬನೋ ಭೀಮನೋ ಇಟ್ಟದ್ದಲ್ಲ. ಆದರೆ ಆ ಎರಡು ಗುಂಡುಗಳ ನಡುವಿನ ಸಂದಿಗೆ ಎಲ್ಲಿ ಗೋಡೆ ಕಟ್ಟಬೇಕು, ಎಲ್ಲಿ ಕಟ್ಟಬೇಕಾಗಿಲ್ಲ ಎಂದು ನೋಡಿ ತೀರ್ಮಾನಿಸಿದ್ದು ಮನುಷ್ಯನ ಬುದ್ಧಿ. ಅರ್ಧ ಕೋಟೆಯನ್ನು ಬೆಟ್ಟವೇ ಕಟ್ಟಿಕೊಟ್ಟಿತು, ಉಳಿದರ್ಧವನ್ನು ಆ ಹುಡುಗನ ತಾತನಂಥವರು ಕಟ್ಟಿದರು.

ಇನ್ನು ನೀರಿನ ಮಾತು. ಚಿತ್ರದುರ್ಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ. ಹತ್ತಿರದಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ. ಮುತ್ತಿಗೆ ಹಾಕಿದವರು ತಿಂಗಳುಗಟ್ಟಲೆ ಕೆಳಗೆ ಕೂತರೆ ಮೇಲಿನವರು ಏನು ಕುಡಿಯಬೇಕು? ಗೋಪಾಲಸ್ವಾಮಿ ಹೊಂಡದ ದಂಡೆಯ ಮೇಲೆ ಬುತ್ತಿ ಬಿಚ್ಚಿ ಕುಳಿತಾಗ ಮಕ್ಕಳಿಗೆ ಈ ಲೆಕ್ಕ ಕೊಟ್ಟೆ. ನೀವೂ ಮಾಡಿ ನೋಡಬಹುದು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4,000 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಒಂದೇ ಎಕರೆ ಬಂಡೆಯ ಮೇಲೆ ಬೀಳುವುದು 20 ಲಕ್ಷ ಲೀಟರ್. ಅರ್ಧ ಆವಿಯಾಗಿ, ಪೋಲಾಗಿ ಹೋಯಿತು ಎನ್ನಿ. ಉಳಿದದ್ದು 10 ಲಕ್ಷ. ಕುಡಿಯುವುದಕ್ಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರಿನಂತೆ ಇದು ಐನೂರು ಜನಕ್ಕೆ ಒಂದು ವರ್ಷ ಸಾಕಾಗುತ್ತದೆ.

ದುರ್ಗದವರು ಈ ಲೆಕ್ಕವನ್ನು ಕಲ್ಲಿನಲ್ಲೇ ಬರೆದಿದ್ದಾರೆ. ಮೇಲಿನ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿದರೆ ಕೋಡಿ ನೀರು ಅಕ್ಕ–ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಊರೊಳಗೆ ಸಂತೆ ಹೊಂಡ. ಒಂದು ಹೊಂಡದ ಹೆಚ್ಚುವರಿ ಇನ್ನೊಂದಕ್ಕೆ ಆಧಾರ. ಪಂಪಿಲ್ಲ, ಕರೆಂಟಿಲ್ಲ, ನೀರಿನ ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ. ಈ ಬುದ್ಧಿ ನಾಯಕರ ಕಾಲಕ್ಕೆ ಹುಟ್ಟಿದ್ದೂ ಅಲ್ಲ. ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಬಂಡೆ ಶಾಸನವಿದೆ. ಅದು ನಾಲ್ಕನೆಯ ಶತಮಾನದ್ದು. ಅದರಲ್ಲಿ ಹೇಳಿರುವ ಕೆಲಸವೂ ಕೆರೆಯದ್ದೇ.

ಒನಕೆ ಓಬವ್ವನ ಕಿಂಡಿಯ ಮುಂದೆ ಹೆಣ್ಣುಮಕ್ಕಳು ನಿಂತ ಜಾಗ ಬಿಟ್ಟು ಕದಲಲಿಲ್ಲ. ಊಟಕ್ಕೆ ಕುಳಿತ ಕಾವಲುಗಾರ ಗಂಡನಿಗೆ ನೀರು ತರಲು ಹೋದವಳು ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿರುವುದನ್ನು ಕಂಡಳು, ಕೈಗೆ ಸಿಕ್ಕ ಒನಕೆ ಹಿಡಿದು ನಿಂತಳು ಎಂಬ ಕಥೆ ಎಲ್ಲರಿಗೂ ಬಾಯಿಪಾಠ. ಒಬ್ಬೊಬ್ಬರೇ ತೂರಬಹುದಾದ ಸಂದಿಯಲ್ಲಿ ದೊಡ್ಡ ಸೈನ್ಯವೂ ಒಬ್ಬನೇ ಸೈನಿಕ. ಅದನ್ನು ಅರೆಗಳಿಗೆಯಲ್ಲಿ ಕಂಡುಕೊಂಡದ್ದು ಅವಳ ಜಾಣತನ. ಈ ಕಥೆಯಲ್ಲೂ ಮೊದಲು ಬರುವುದು ನೀರು ಎಂಬುದನ್ನು ಒಬ್ಬ ಹುಡುಗಿ ಗುರುತಿಸಿದಳು. ಮಂಡ್ಯದ ಮಕ್ಕಳಿಗೆ ಅದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬದೇ ಹೋದಾಗ, ವಿಶ್ವೇಶ್ವರಯ್ಯ ನಾಲೆಯನ್ನೇ ನಂಬಿದ್ದ ನಮ್ಮ ರೈತರು ಬೀದಿಗಿಳಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಎಲ್ಲೋ ಕೊಡಗಿನಲ್ಲಿ ಬಿದ್ದ ಮಳೆ ನಮ್ಮ ಮನೆಗೆ ಬರುತ್ತದೆಂದು ಕಾಯುತ್ತೇವೆ. ನಮ್ಮ ಚಾವಣಿಯ ಮೇಲೆ ಬಿದ್ದದ್ದು ಮೋರಿಗೆ ಹೋಗುತ್ತದೆ.

ಇಳಿಯುವಾಗ ಒಂದು ಗೋಡೆಯ ತುಂಬ ಹೆಸರುಗಳು. ಬಾಣ ಚುಚ್ಚಿದ ಹೃದಯ, ಇಂಗ್ಲಿಷ್ ಅಕ್ಷರಗಳು, ಇಸವಿಗಳು. ನಮ್ಮವನೊಬ್ಬ ಆಗಲೇ ಜೇಬಿನಿಂದ ಮೊಳೆ ತೆಗೆದಿದ್ದ. ನಾನು ಬಾಯಿ ತೆರೆಯುವ ಮೊದಲೇ ಕಲ್ಲುಕೆಲಸದ ಹುಡುಗ ಅವನ ಕೈ ಹಿಡಿದ. “ಲೋ, ಈ ಕಲ್ಲು ಕೂರಿಸ್ದೋನು ತನ್ನ ಹೆಸರು ಬರ್ದಿಲ್ಲ, ನಿನ್ದೇನ್ಲಾ?” ಮೊಳೆ ಜೇಬಿಗೆ ಹೋಯಿತು. ನಾನು ಹೇಳಿದ್ದರೆ ಅದು ಉಪದೇಶವಾಗುತ್ತಿತ್ತು.

ಊರಿಗೆ ಬಂದ ಮೇಲೆ ಮುಂದಿನ ವಾರ ಅವನಿಗೆ ಒಂದು ಕೆಲಸ ಕೊಟ್ಟೆ. ಕಲ್ಲು ಹೇಗೆ ಒಡೆಯುತ್ತದೆ ಎಂದು ತರಗತಿಯಲ್ಲಿ ಹದಿನೈದು ನಿಮಿಷ ಹೇಳಬೇಕು. ಮನೆಯಿಂದ ಉಳಿ, ಬೆಣೆ, ಎರಡು ಚೂರು ಕಲ್ಲು ತಂದ. ಬೆಣೆಯ ಚಿತ್ರವನ್ನು ಹಲಗೆಯ ಮೇಲೆ ಬರೆದು ಬಲದ ಬಾಣಗಳನ್ನು ತಾನೇ ಹಾಕಿದ.

ಜನವರಿಯಲ್ಲಿ ಅವನ ತಂದೆ ಶಾಲೆಗೆ ಬಂದರು. ಕರೆಕಳಿಸಿರಲಿಲ್ಲ, ತಾವಾಗಿಯೇ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಕುರ್ಚಿ ಕೊಟ್ಟರೆ ಕೂರಲು ಒಪ್ಪಲಿಲ್ಲ.

“ಏನ್ ಹೇಳ್ಕೊಟ್ರಿ ಮೇಷ್ಟ್ರೇ ಅವನಿಗೆ? ಕೆಲಸದಲ್ಲಿ ನಿಂತ್ಕಂಡು ಪ್ರಶ್ನೆ ಕೇಳ್ತಾನೆ. ಬೆಣೆ ಚೂಪಾದ್ರೆ ಏನಾಯ್ತದೆ, ದಪ್ಪ ಆದ್ರೆ ಏನಾಯ್ತದೆ ಅಂತಾನೆ. ನಾನು ಮೂವತ್ತು ವರ್ಷ ಕಲ್ಲು ಒಡ್ದಿವ್ನಿ. ಯಾಕೆ ಒಡೀತದೆ ಅಂತ ನನ್ನ ಯಾರೂ ಕೇಳಿರ್ಲಿಲ್ಲ.”

ದೂರಲು ಬಂದರೋ ಮೆಚ್ಚಲು ಬಂದರೋ ಆ ಕ್ಷಣಕ್ಕೆ ತಿಳಿಯಲಿಲ್ಲ. ಆಮೇಲೆ ಮಾತಿಗೆ ಕುಳಿತೆವು. ಕಲ್ಲಿನ ಧೂಳು ಎದೆಗೆ ಹೋಗಿ ಅವರ ಅಣ್ಣ ತೀರಿಕೊಂಡದ್ದು ಆಗ ಗೊತ್ತಾಯಿತು. ಮಗನೂ ಅದೇ ಧೂಳು ಕುಡಿಯಲಿ ಎಂಬ ಆಸೆ ಅವರಿಗೇನೂ ಇರಲಿಲ್ಲ. ಓದು ಹತ್ತದವನಿಗೆ ಕೈಕೆಲಸವಾದರೂ ಇರಲಿ ಎಂಬುದಷ್ಟೇ ಅವರ ಲೆಕ್ಕ. ಪರೀಕ್ಷೆ ಮುಗಿಯುವವರೆಗೆ ಭಾನುವಾರವೂ ಕೆಲಸಕ್ಕೆ ಕರೆಯುವುದಿಲ್ಲ ಎಂದು ಒಪ್ಪಿ ಹೋದರು.

ಪವಾಡವೇನೂ ಆಗಲಿಲ್ಲ. ಹುಡುಗ ಮೊದಲ ಪ್ರಯತ್ನದಲ್ಲೇ ಪಾಸಾದ. ವಿಜ್ಞಾನದಲ್ಲಿ ನೂರಕ್ಕೆ 51, ಇಂಗ್ಲಿಷಿನಲ್ಲಿ ದಡ ಮುಟ್ಟುವಷ್ಟು. ಈಗ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದುತ್ತಿದ್ದಾನೆ. ರಜೆಯಲ್ಲಿ ತಂದೆಯ ಜೊತೆ ಕೆಲಸಕ್ಕೂ ಹೋಗುತ್ತಾನೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವಂತೆ, ಕಲ್ಲಿಗೆ ನೀರು ಚಿಮುಕಿಸಿಕೊಂಡು ಕೆಲಸ ಮಾಡುವಂತೆ ತಂದೆಗೆ ಅವನೇ ಹೇಳಿಕೊಟ್ಟಿದ್ದಾನಂತೆ.

ತಂದೆತಾಯಿಗಳಲ್ಲಿ ನನ್ನದೊಂದು ಮನವಿ. ಕೋಟೆಯೋ ಕೆರೆಯೋ ದೇವಸ್ಥಾನವೋ, ಮಕ್ಕಳು ಪ್ರವಾಸಕ್ಕೆ ಹೊರಟಾಗ ಬಿಸ್ಕತ್ತಿನ ಜೊತೆ ಚೀಲದಲ್ಲಿ ಒಂದು ನೋಟುಬುಕ್ಕು, ಒಂದು ಅಳತೆಯ ಟೇಪು ಇಡಿ. ಬಂದ ಮೇಲೆ ಎಷ್ಟು ಫೋಟೋ ತೆಗೆದೆ ಎಂದು ಕೇಳಬೇಡಿ, ಏನನ್ನು ಅಳೆದೆ ಎಂದು ಕೇಳಿ. ನೀವು ಮಾಡುವ ಕೆಲಸ ಬೇಸಾಯವಿರಲಿ, ಬೆಲ್ಲದ ಆಲೆಮನೆಯಿರಲಿ, ಮಗ್ಗವಿರಲಿ, ಅದು ಹೇಗೆ ನಡೆಯುತ್ತದೆ ಎಂದು ಮಕ್ಕಳಿಗೆ ಬಿಡಿಸಿ ಹೇಳಿ. ಯಾಕೆ ಹಾಗೆ ಎಂದು ಅವರು ಕೇಳಿದರೆ, ಉತ್ತರ ತಿಳಿಯದಿದ್ದಾಗ ಗದರಬೇಡಿ, ನಮ್ಮ ಹತ್ತಿರ ಕಳಿಸಿ. ಬೆಲ್ಲದ ಪಾಕ ಯಾವಾಗ ಗಟ್ಟಿಯಾಗುತ್ತದೆ ಎಂಬ ಪ್ರಶ್ನೆ ಹೊತ್ತು ಈ ವರ್ಷ ಒಬ್ಬಳು ಆಗಲೇ ಬಂದಿದ್ದಾಳೆ. ಮುಂದಿನ ವಾರ ತರಗತಿಯನ್ನು ಆಲೆಮನೆಗೆ ಕರೆದೊಯ್ಯಬೇಕು.